ಬೆಳ್ಳಿ ಬೆದರಲಿಲ್ಲ

ಲಾರಿ ಹಿಂದಕ್ಕೆ ಬರತೊಡಗಿತು. ಬೆಳ್ಳಿ ನಿಂತುಬಿಟ್ಟಿತು.

"ಹೂಂ, ತಿರುಗವ್ವ, ತಿರುಗು," ಎಂದು ನಿಂಗಪ್ಪ ಹಗ್ಗ ಜಗ್ಗಿದ. ಮೂರು ವರ್ಷದ ಆ ಬಿಳಿ ಹೆಣ್ಣುಗುದುರೆ ಕಿವಿಯನ್ನೂ ಅಲ್ಲಾಡಿಸಲಿಲ್ಲ. ಗುತ್ತೂರಿನ ಆ ಓಣಿಯ ಒಂದು ಮಗ್ಗುಲಿಗೆ ಕಾರ್ಖಾನೆಯ ಗೋಡೆ, ಇನ್ನೊಂದು ಮಗ್ಗುಲಿಗೆ ಆಳದ ಚರಂಡಿ. ಎದುರಿಗೆ ಹತ್ತು ಮಾರು ದೂರದಲ್ಲಿ ಲಾರಿಯ ಹಿಂಭಾಗ. ಅದರಿಂದ ಮಾರುದ್ದ ಹೊರಗೆ ಚಾಚಿದ ಕಬ್ಬಿಣದ ಸಲಾಕೆಗಳು, ತುದಿಗೊಂದು ಕೆಂಪು ಬಟ್ಟೆ. ಕುದುರೆಯ ಬೆನ್ನ ಮೇಲೆ ಅವನ ಹೆಂಡತಿ ಪುಷ್ಪಲತಾ. ಹತ್ತಲು ಮನೆಯ ಕಟ್ಟೆ ಇತ್ತು. ಇಳಿಯಲು ಗಂಡನ ಹೆಗಲೇ ಗತಿ.

ಅರ್ಧ ತಾಸಿನ ಹಿಂದೆ ಇದೆಲ್ಲ ತಮಾಷೆಯಾಗಿತ್ತು. ಮುಂದಿನ ಸೋಮವಾರ ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ ಬೆಳ್ಳಿಗೆ ಮದುಮಗನನ್ನು ಹೊರುವ ಮೊದಲ ಮೆರವಣಿಗೆ. ಅಷ್ಟರಲ್ಲಿ ಬೀದಿ ರೂಢಿಯಾಗಬೇಕು, ಬೆನ್ನ ಮೇಲೆ ಮದುಮಗನಷ್ಟು ತೂಕವೂ ಇರಬೇಕು. "ತೂಕಕ್ಕೆ ನಾನೇ ಸಿಕ್ಕೆನಾ ನಿಮಗೆ?" ಎಂದು ಪುಷ್ಪಲತಾ ಮೂಗು ಮುರಿದಿದ್ದಳು, ಹತ್ತಿ ಕೂತ ಮೇಲೆ ರಾಗ ಬದಲಾಗಿತ್ತು. "ನಮ್ಮ ಮದುವ್ಯಾಗ ನೀವು ನಡಕಂಡು ಬಂದ್ರಿ. ಇವತ್ತು ನಾನು ಕುದುರಿ ಮ್ಯಾಲೆ, ನೀವು ಹಗ್ಗ ಹಿಡ್ಕಂಡು ಮುಂದೆ. ಈಗ ನೋಡ್ರಿ, ಸಂಸಾರ ಸರಿಯಾದ ದಾರಿಗೆ ಬಂತು."

ಮೆರವಣಿಗೆಯಲ್ಲಿ ಕುದುರೆ ಬೆದರಿದರೆ ಗಂಡು ಗುಂಡಿಗೆ ಬೀಳುತ್ತಾನೆ, ಗಂಡಿನಪ್ಪನ ಗುಂಡಿಗೆ ಬಾಯಿಗೆ ಬರುತ್ತದೆ. ಅದಕ್ಕೇ ನಿಂಗಪ್ಪ ಆರು ತಿಂಗಳಿಂದ ಹಿತ್ತಲಲ್ಲಿ ತಾನೊಬ್ಬನೇ ಇಡೀ ಬ್ಯಾಂಡ್‌ಸೆಟ್ ಆಗಿದ್ದ. ಕೆನ್ನೆ ಉಬ್ಬಿಸಿ 'ಪೀಂ ಪಿರಿಪಿರಿ ಪೀಂ', ತೊಡೆ ತಟ್ಟಿ 'ಟಡಕ್ ಟಡಕ್'. ಸದ್ದು ಕೇಳುವಷ್ಟು ಹೊತ್ತು, ಸುತ್ತ ಯಾರೇ ಕುಣಿಯಲಿ, ಬೆಳ್ಳಿ ಕಲ್ಲಾಗಿ ನಿಲ್ಲಬೇಕು, ನಿಂತರೆ ಬೆಲ್ಲ. ಸದ್ದು ನಿಂತ ಕೂಡಲೇ ಮುಂದಕ್ಕೆ ಹೆಜ್ಜೆ. ಬೆಳ್ಳಿ ಪಾಠವನ್ನು ಚೆನ್ನಾಗಿ ಕಲಿತಿತ್ತು.

ಈ ಲಾರಿಯವನು ತನ್ನ ರಿವರ್ಸ್ ಹಾರ್ನಿಗೆ ಮದುವೆ ಬ್ಯಾಂಡಿನ ಧಾಟಿ ಹಾಕಿಸಿದ್ದ. ಪೀಂ ಪಿರಿಪಿರಿ ಪೀಂ. ಬೆಳ್ಳಿ ಹಿಂಗಾಲೊಂದನ್ನು ಸಡಿಲ ಬಿಟ್ಟು, ತುಟಿ ಚಪ್ಪರಿಸುತ್ತ, ಬೆಲ್ಲಕ್ಕೆ ಕಾಯುತ್ತ ನಿಂತಿತು.

"ರೀ, ಇದು ಅಲ್ಲಾಡವಲ್ದು! ಲಾರಿ ನಿಲ್ಲಸ್ರಿ!" ಪುಷ್ಪಲತಾಳ ದನಿಯಲ್ಲಿ ಈಗ ತಮಾಷೆ ಇರಲಿಲ್ಲ.

ನಿಂಗಪ್ಪ ಕೂಗಿದ. ಹಾರ್ನು ಅವನ ಕೂಗನ್ನು ನುಂಗಿತು. ಹಗ್ಗ ಬಿಟ್ಟು, ಸಲಾಕೆಗಳಡಿ ತಲೆ ತಗ್ಗಿಸಿ ನುಗ್ಗಿ, ಲಾರಿಯ ಹಲಗೆಗೆ ಅಂಗೈಯಿಂದ ಬಡಿದ. ಢಬ ಢಬ ಢಬ ಢಬ! ಲಾರಿ ನಿಲ್ಲಲಿಲ್ಲ. ಇನ್ನಷ್ಟು ಜೋರಾಗಿ ಬಂತು. ಎರಡೂ ಕೈಯಿಂದ ಬಡಿದ. ಇನ್ನೂ ಜೋರಾಯಿತು. ಅವನು ಹಿಮ್ಮೆಟ್ಟುತ್ತ ಬಡಿಯುತ್ತಿದ್ದ, ಲಾರಿ ಅವನನ್ನು ತಳ್ಳುವಂತೆ ಬರುತ್ತಿತ್ತು.

"ಅಯ್ಯೋ, ಹಂಗೆ ಬಡೀಬ್ಯಾಡ್ರಿ! ಬಡದಷ್ಟೂ ಬರ್ತಾನೆ!" ಹದಿನಾರು ವರ್ಷ ಬಸ್ಸಿನಲ್ಲಿ ಕಂಡಕ್ಟರಾಗಿ ದುಡಿದ ಪುಷ್ಪಲತಾಳ ಗಂಟಲು ಅದು, ಹಾರ್ನನ್ನೂ ಸೀಳಿಕೊಂಡು ಬಂತು. "ಮ್ಯಾಲಿಂದ ಮ್ಯಾಲೆ ಬಡದ್ರೆ 'ಬರ್ಲಿ, ಬರ್ಲಿ' ಅಂತ ಕಣ್ರೀ! ನಿಲ್ಲು ಅನ್ನಾಕೆ ಒಂದೇ ಏಟು! ಒಂದು ಹೊಡ್ದು ಕೈ ತಗೀರಿ!"

ನಿಂಗಪ್ಪ ತಿರುಗಿ ನೋಡಿದ. ಕೆಂಪು ಬಟ್ಟೆ ಬೆಳ್ಳಿಯ ಹಣೆಗೂದಲಿಗೆ ತಾಗುತ್ತಿತ್ತು. ಪುಷ್ಪಲತಾ ಕುದುರೆಯ ಬೆನ್ನ ಮೇಲೆ ಅಂಗಾತ ಬಾಗಿದ್ದಳು. ಅವನು ಒಂದೇ ಒಂದು ಏಟು ಹೊಡೆದ. ಹೊಡೆದು, ಮತ್ತೆ ಹೊಡೆದೇನೆಂಬ ಹೆದರಿಕೆಗೆ ಎರಡೂ ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡ. ಲಾರಿ ಬಂತು. ಒಂದು ಮೊಳ. ಇನ್ನೊಂದು ಗೇಣು. ಕೈಗಳು ಕಂಕುಳಿನಿಂದ ಕಿತ್ತುಕೊಂಡು ಬರಲು ಒದ್ದಾಡಿದವು.

ಲಾರಿ ನಿಂತಿತು. ಹಾರ್ನೂ ನಿಂತಿತು.

ಸದ್ದು ನಿಂತದ್ದೇ ಬೆಳ್ಳಿ, ಪಾಠದ ಪ್ರಕಾರ, ಸಲಾಕೆಗಳತ್ತ ಮುಂಗಾಲು ಎತ್ತಿತು.

ನಿಂಗಪ್ಪ ಹಾರಿ ಬಂದು ಅದರ ಎದೆಗೆ ಹೆಗಲು ಕೊಟ್ಟ. ಅದು ಅವನನ್ನೂ ದೂಡಿಕೊಂಡು ಹೊರಟಿತು. ಬೇರೆ ದಾರಿ ಕಾಣದೆ ಅವನು ಕೆನ್ನೆ ಉಬ್ಬಿಸಿದ. ಬಾಯಿ ಒಣಗಿ ತುಟಿಗೆ ತುಟಿ ಅಂಟಿತ್ತು. ಮೊದಲು ಬರೀ ಗಾಳಿ ಬಂತು. ಆಮೇಲೆ, ಅಳುವ ಮಗುವಿನ ಪೀಪಿಯಂತೆ, "ಪೀಂ... ಪಿರಿ... ಪಿರಿ..." ಬೆಳ್ಳಿ ಕಾಲು ಇಳಿಸಿತು. ಸಲಾಕೆಯ ತುದಿಗೂ ಪುಷ್ಪಲತಾಳಿಗೂ ನಡುವೆ ಒಂದು ಗೇಣಿನಷ್ಟೇ ಜಾಗ ಉಳಿದಿತ್ತು. ಕನ್ನಡಿಯಲ್ಲಿ ಏನೋ ಬಿಳುಪು ಕಂಡ ಡ್ರೈವರ್ ಲಾರಿಯನ್ನು ಮುಂದಕ್ಕೆ ಒಯ್ಯುವವರೆಗೂ ನಿಂಗಪ್ಪ ಕಣ್ಣು ಮುಚ್ಚಿಕೊಂಡು ಬ್ಯಾಂಡು ಬಾರಿಸುತ್ತಲೇ ಇದ್ದ.

ಪುಷ್ಪಲತಾ ಗಂಡನ ಹೆಗಲ ಮೇಲೆ ಜಾರಿ ಇಳಿದು, ಗೋಡೆಗೆ ಒರಗಿ ಕುಕ್ಕರಿಸಿದಳು. ಡ್ರೈವರ್ ಓಡಿ ಬಂದ.

"ಕ್ಲೀನರ್ ಚಾ ಕುಡಿಯಾಕೆ ಹೋಗಿದ್ದ ಅಣ್ಣ. ಅವ್ನೇ ಬಂದು ಬಡೀತಾನೆ ಅನ್ಕಂಡೆ..." ಮಾತು ಅಲ್ಲಿಗೇ ನಿಂತಿತು. ಅವನು ಸಲಾಕೆ ನೋಡಿದ, ಕುದುರೆ ನೋಡಿದ. "ಎಂಥಾ ಕುದುರಿ ಮಾರಾಯ ಇದು! ಒಂಚೂರಾದ್ರೂ ಬೆದರಿಲ್ಲ ನೋಡು!"

ನಿಂಗಪ್ಪ ಬೆಳ್ಳಿಯ ಕೊರಳು ಸವರಲು ಕೈ ಎತ್ತಿದ. ಕೈ ಗಡಗಡ ನಡುಗುತ್ತಿತ್ತು. ಬೆಳ್ಳಿ ಕಣ್ಣು ಅಗಲಿಸಿ, ಮೂಗಿನ ಹೊಳ್ಳೆ ಅರಳಿಸಿ, ಅವನಿಂದ ಹಿಂದೆ ಹಿಂದೆ ಸರಿಯತೊಡಗಿತು.