ಕಣ್ಣಿನ ದಿನ

ಅಕ್ಕ ಹತ್ತಿ ಹರಿದು ಹರಿದು ಕಡಲೆಕಾಳಿನಷ್ಟು ಉಂಡೆ ಕಟ್ಟುತ್ತಿದ್ದಳು. ವಾರ್ಡಿನ ಹಿರಿಯ ನರ್ಸು ಅವಳು, ಎಲ್ಲರ ಬಾಯಲ್ಲೂ ಅಕ್ಕ. ಅವತ್ತು ಗುರುವಾರ, ಅಂದರೆ ಕಣ್ಣಿನ ದಿನ. ತಿಂಗಳು ತುಂಬುವ ಮೊದಲೇ ಹುಟ್ಟಿ ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ ಅಂಗೈಯಗಲದ ಕೂಸುಗಳ ಕಣ್ಣಿನ ಒಳಭಾಗ ನೋಡಲು ಡಾಕ್ಟರು ಬರುತ್ತಾರೆ. ಅಷ್ಟರೊಳಗೆ ಪಾಪೆ ಅರಳುವ ಔಷಧಿಯ ಹನಿ ಹಾಕಿರಬೇಕು. ಇಪ್ಪತ್ತಾರು ವರ್ಷಗಳಿಂದ ಆ ಹನಿ ಅಕ್ಕನ ಕೈಯದೇ.

ಆರು ತಿಂಗಳಿಂದ ಈಚೆಗೆ ಇನ್ನೊಂದು ಕೈ ಸೇರಿಕೊಂಡಿತ್ತು. ಹೊಸದಾಗಿ ಬಂದ ಚಿಕ್ಕ ನರ್ಸು ಸೀಸೆಯಿಂದ ನೇರವಾಗಿ ಹಾಕುತ್ತಿರಲಿಲ್ಲ. ಸೂಜಿ ತೆಗೆದ ಸಿರಿಂಜಿಗೆ ಮೆತ್ತನೆಯ ಎಳೆಕೊಳವೆ ಸಿಕ್ಕಿಸಿ ಸಾಸಿವೆಯಷ್ಟು ಬೀಳಿಸಿ, ಕೆನ್ನೆಗಿಳಿದದ್ದನ್ನು ಆಗಲೇ ಒರೆಸಿಬಿಡುತ್ತಿದ್ದಳು. ಅಷ್ಟಕ್ಕೇ ಪಾಪೆ ಅರಳುತ್ತಿತ್ತು. ಎಲ್ಲ ವಾರ್ಡುಗಳಲ್ಲೂ ಹೀಗೇ ಆಗಲೆಂದು ಕಣ್ಣಿನ ಡಾಕ್ಟರು ಔಷಧ ಸಮಿತಿಗೆ ಪತ್ರ ಬರೆದು, ಸಹಿಗೆಂದು ಅಕ್ಕನ ಕೈಗೆ ಕೊಟ್ಟು ಐದು ವಾರವಾಗಿತ್ತು. ಕೇಳಿದಾಗಲೆಲ್ಲ ಓದುತ್ತಿದ್ದೇನೆ ಎನ್ನುತ್ತಿದ್ದಳು. ಪತ್ರ ಇದ್ದದ್ದು ಒಂದೂವರೆ ಪುಟ. ಅದರಲ್ಲಿ ಚಿಕ್ಕವಳ ಹೆಸರು ಎರಡು ಸಲ ಬಂದಿತ್ತು. ಅಕ್ಕನದು ಸಹಿ ಹಾಕುವ ಗೆರೆಯ ಕೆಳಗೆ ಮಾತ್ರ.

ಹನಿ ಹಾಕಿದ ದಿನ ಎಷ್ಟೋ ಕೂಸುಗಳಿಗೆ ಹಾಲು ಸೇರುತ್ತಿರಲಿಲ್ಲ. ಗಾಬರಿಬಿದ್ದ ತಾಯಂದಿರಿಗೆ ಅಕ್ಕ ಹೇಳುತ್ತಿದ್ದ ಮಾತು ವಾರ್ಡಿನ ಗಾದೆಯೇ ಆಗಿಹೋಗಿತ್ತು: "ಕಣ್ಣಿನ ದಿನ ಹೊಟ್ಟೆ ಮುನಿಯುತ್ತೆ ಕಣಮ್ಮ, ನಾಳೆ ಸರಿಹೋಗುತ್ತೆ." ಚಿಕ್ಕವಳು ಹನಿ ಹಾಕಿದ ಕೂಸುಗಳ ಹೊಟ್ಟೆ ಅಷ್ಟಾಗಿ ಮುನಿಯುತ್ತಿಲ್ಲ ಎಂದು ಆಯಾ ಪಿಸುಗುಟ್ಟಿದ್ದಳು. ಆಯಾಳ ಪಿಸುಮಾತು ಮೂರು ಕೋಣೆಗೆ ಕೇಳಿಸುವಂಥದ್ದು.

ಇವತ್ತು ಅವಳಿ ಗಂಡುಮಕ್ಕಳ ಸರದಿ. ಚಿಕ್ಕವಳು ಕಿರಿಯವನ ಪೆಟ್ಟಿಗೆಯ ಬಳಿ ನಿಂತು, ಒಳ್ಳೆಯ ಮನಸ್ಸಿನಿಂದಲೇ, "ದೊಡ್ಡವನಿಗೂ ನಾನೇ ಹಾಕ್ಲಾ ಅಕ್ಕಾ? ಅರ್ಧ ಹನಿ ಸಾಕು" ಎಂದಳು.

"ಅರ್ಧ ಹನಿ ಸಾಲೋಕೆ ಇವನಿಗೇನು ಅರ್ಧ ಕಣ್ಣಾ? ನಾನು ಹನಿ ಹಾಕೋಕೆ ಶುರು ಮಾಡಿದಾಗ ನಿನಗಿನ್ನೂ ಹಾಲುಹಲ್ಲು ಬಿದ್ದಿರಲಿಲ್ಲ."

ಅಕ್ಕ ಸೀಸೆಯಿಂದ ಕಣ್ಣಿಗೊಂದು ಹಾಕಿದಳು, ಕಾದು ಇನ್ನೊಂದು ಹಾಕಿದಳು. ಹಳೆಯ ನಿಯಮ ಅಷ್ಟೇ. ಪಾಪೆ ಚೆನ್ನಾಗಿ ಅರಳಿತು. ಓರೆಗಣ್ಣಿನಲ್ಲಿ ನೋಡಿದರೆ ಕಿರಿಯವನದೂ ಅರಳಿತ್ತು. ಒಂದು ಕೂದಲೆಳೆ ಹೆಚ್ಚೇ ಅರಳಿದಂತೆ ಕಂಡಿತು. ಕೈ ತಡೆಯಲಿಲ್ಲ. ಮೂರನೆಯದನ್ನೂ ಹಾಕಿಬಿಟ್ಟಳು. ಹೆಚ್ಚಾದದ್ದು ಕೆನ್ನೆಗಿಳಿದು, ಕಣ್ಣಿನ ಸುತ್ತ ಎಳೆಚರ್ಮ ಬಿಳಿಚಿಕೊಂಡಿತು. ಕಟ್ಟಿಟ್ಟ ಹತ್ತಿಯುಂಡೆ ಪಕ್ಕದಲ್ಲೇ ಇತ್ತು. ಅಕ್ಕನ ಕಣ್ಣು ಮಾತ್ರ ಪಕ್ಕದ ಪೆಟ್ಟಿಗೆಯ ಮೇಲಿತ್ತು.

ಡಾಕ್ಟರು ಇಬ್ಬರನ್ನೂ ನೋಡಿ, ಇಬ್ಬರದೂ ಒಂದೇ ಥರ ಅರಳಿವೆ ಎಂದು ಹೇಳಿ ಹೋದರು. ಸೋತಿದ್ದರೂ ಅಕ್ಕನಿಗೆ ಅಷ್ಟು ಉರಿಯುತ್ತಿರಲಿಲ್ಲ, ಆ 'ಒಂದೇ ಥರ' ಉರಿಸಿತು.

ಗಂಟೆ ಕಳೆದಿರಲಿಲ್ಲ, ದೊಡ್ಡವನ ಯಂತ್ರ ಕೂಗಿಕೊಂಡಿತು. ಎದೆಬಡಿತ ಇಳಿಯುತ್ತಿತ್ತು, ತುಟಿ ನೀಲಿಯಾಗಿತ್ತು. ಅಕ್ಕ ಓಡಿಬಂದು ಅಂಗಾಲಿಗೆ ಬೆರಳಿಂದ ಚಿಮ್ಮಿದಳು. ಮತ್ತೆ ಚಿಮ್ಮಿದಳು. ನಾಲ್ಕನೆಯ ಸಲಕ್ಕೆ ಉಸಿರು ಮರಳಿತು, ಬಣ್ಣ ಮರಳಿತು. ಮೂಗಿನ ಕೊಳವೆಯಲ್ಲಿ ಕೊಟ್ಟ ಹಾಲೂ ಮರಳಿ ಬಂತು. ಹೊಟ್ಟೆ ಗಾಳಿ ತುಂಬಿದ ಚೆಂಡಿನಂತೆ ಬಿಗಿದುಕೊಂಡಿತ್ತು.

ತಾಯಿ ಬಂದು ಎರಡು ಪೆಟ್ಟಿಗೆಗಳ ಮೇಲೆ ಒಂದೊಂದು ಕೈಯಿಟ್ಟು ನಿಂತಳು. ಕಿರಿಯವನು ಹಾಲು ದಕ್ಕಿಸಿಕೊಂಡು ನಿದ್ದೆಹೋಗಿದ್ದ.

"ಇಬ್ಬರಿಗೂ ಇವತ್ತೇ ಕಣ್ಣಿನ ದಿನ ತಾನೇ ಅಕ್ಕಾ? ಇವನೊಬ್ಬನ ಹೊಟ್ಟೆ ಯಾಕೆ ಮುನಿಯಿತು?"

ಅಕ್ಕನ ಬಾಯಿ ರೂಢಿಯಂತೆ ತೆರೆಯಿತು. ಗಾದೆಗೆ ಇಪ್ಪತ್ತಾರು ವರ್ಷಗಳ ಗುರುವಾರಗಳು ಅಡ್ಡ ನಿಂತವು.

"ಇವನಿಗೆ ನಾನು ಹನಿ ಜಾಸ್ತಿ ಹಾಕಿಬಿಟ್ಟೆ ಕಣಮ್ಮ. ಡಾಕ್ಟರಿಗೂ ಹೇಳ್ತೀನಿ."

ತಾಯಿ ಎರಡೂ ಕೈಗಳನ್ನು ದೊಡ್ಡವನ ಪೆಟ್ಟಿಗೆಯ ಮೇಲಿಟ್ಟಳು. "ಇನ್ನು ಮೇಲೆ ಹಾಕಬೇಡಿ" ಎಂದಷ್ಟೇ ಅಂದಳು.

ಡಾಕ್ಟರಿಗೆ ಹೇಳಿಬಂದು ಅಕ್ಕ ಊಟಕ್ಕೂ ಏಳದೆ ಪೆಟ್ಟಿಗೆಯ ಪಕ್ಕ ಕುಳಿತಳು. ಸಂಜೆಯ ಹೊತ್ತಿಗೆ ಹೊಟ್ಟೆ ಮೆದುವಾಯಿತು, ಎರಡು ಮಿಲಿ ಹಾಲು ನಿಂತಿತು. ಆಮೇಲೆ ಎದ್ದು, ಡ್ರಾಯರಿನಲ್ಲಿ ಹತ್ತಿಯ ಕಟ್ಟುಗಳ ಅಡಿಯಿಂದ ಪತ್ರ ಎಳೆದು ಸಹಿ ಹಾಕಿದಳು. ಸಹಿಯ ಕೆಳಗೆ ಇಂದಿನ ತಾರೀಖು ಬರೆದು ಒಂದು ಸಾಲು ಸೇರಿಸಿದಳು: 'ಈ ದಿನ ಅವಳಿಗಳಲ್ಲಿ ದೊಡ್ಡವನಿಗೆ ನಾನು ಹಾಕಿದ್ದು ಕಣ್ಣಿಗೆ ಮೂರು ಹನಿ.' ಲಕೋಟೆ ಅಂಟಿಸಿ ಆಯಾಳನ್ನು ಕರೆದಳು.

ಆಯಾ ಔಷಧ ಸಮಿತಿಯ ವಿಳಾಸ ನೋಡಿ ಹುಬ್ಬೇರಿಸಿದಳು. "ಇದನ್ನೇ ಅಲ್ವಾ ಆ ಚಿಕ್ಕ ನರ್ಸು ದಿನಾ ಕೇಳ್ತಿದ್ದದ್ದು? ಐದು ವಾರದಿಂದ ಎಲ್ಲಿತ್ತು ಅಕ್ಕಾ ಇದು?"

"ನನ್ನ ಹೊಟ್ಟೆಯೊಳಗಿತ್ತು," ಎಂದಳು ಅಕ್ಕ. "ಆಫೀಸು ಮುಚ್ಚೋದ್ರೊಳಗೆ ಕೊಟ್ಟು ಬಾ."