ಫೋಲ್ಡರಿನ ಹೆಸರು

ಹುಡುಕುತ್ತಿದ್ದ ನಾಟಕವೇನೋ ಕಂಪ್ಯೂಟರಿನಲ್ಲಿ ಸಿಕ್ಕಿತು. ಆದರೆ ಅದಿದ್ದ ಫೋಲ್ಡರಿನ ಹೆಸರು ಓದುತ್ತಲೇ ಬೀ-ಯುನ್‌ಗೆ ಮೈಯೆಲ್ಲ ಉರಿದುಹೋಯಿತು. ‘ಚಿಲ್ಲರೆ’ ಎಂದಿತ್ತು. ತೈನಾನ್ ಊರಿನ ಗೊಂಬೆಯಾಟದ ಮೇಳಕ್ಕೆಂದು ಇಷ್ಟು ವರ್ಷ ಆಕೆ ಬರೆದ ನಾಟಕಗಳೆಲ್ಲ ಅಲ್ಲಿದ್ದವು. ಜೊತೆಗೆ ಹಳೇ ಫ್ರಿಜ್ಜಿನ ರಸೀದಿ, ಪಕ್ಕದ ಮನೆಯ ಬೆಕ್ಕಿನ ಫೋಟೋ. ಗಂಡ ಝೆಂಗ್-ನಾನ್ ನಿನ್ನೆ ಕಂಪ್ಯೂಟರನ್ನು ಒಪ್ಪ ಮಾಡಿದ್ದನಂತೆ. ಅವನು ಮೀನು ಹಿಡಿದ ಫೋಟೋಗಳು ಮಾತ್ರ ‘ಮುಖ್ಯ’ ಎಂಬ ಫೋಲ್ಡರಿನಲ್ಲಿ ತಣ್ಣಗೆ ಕೂತಿದ್ದವು.

“ಸಿಕ್ತಲ್ಲ, ಇನ್ಯಾಕೆ ಮುಖ ಊದಿಸ್ಕೊಂಡಿದ್ದೀಯ?” ಎಂದ ಅವನು, ಚಹಾ ಹೀರುತ್ತ.

“ಈ ಹೆಸರು ಇಟ್ಟೋರು ಯಾರ್ರೀ?”

“ನಾನೇ. ಎಲ್ಲಿ ಹಾಕ್ಬೇಕು ಅಂತ ಗೊತ್ತಾಗ್ದೇ ಇರೋದನ್ನೆಲ್ಲ ಒಂದ್ಕಡೆ ಹಾಕ್ದೆ. ಅದಕ್ಕೂ ಜಗಳಾನಾ, ಮಾರಾಯ್ತಿ?”

“ನನ್ನ ನಾಟಕ ಎಲ್ಲಿ ಹಾಕ್ಬೇಕು ಅಂತ ಗೊತ್ತಾಗ್ಲಿಲ್ವಾ? ಮೇಳದವರ ಮುಂದೆ ಅದನ್ನೇ ಓದಿ ಚಪ್ಪಾಳೆ ಗಿಟ್ಟಿಸೋವಾಗ ಚೆನ್ನಾಗಿ ಗೊತ್ತಿತ್ತಲ್ಲ!”

ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಬೀ-ಯುನ್ ಸ್ಪೀಕರ್ ಒತ್ತಿದಳು. ಮೇಳದ ಯಜಮಾನ ಲ್ಯು. “ಏನಕ್ಕಾ, ನಮ್ಮೋರೆಲ್ಲ ಗೊಂಬೆ ಹಿಡ್ಕೊಂಡು ಕೂತಿದ್ದಾರೆ. ಭಾವನ ಕೈಲಿ ನಾಟಕ ಕಳಿಸ್ತೀರೋ ಇಲ್ವೋ?” ಝೆಂಗ್-ನಾನ್ ಆಗಲೇ ಎದ್ದು ಸ್ಕೂಟರಿನ ಹೆಲ್ಮೆಟ್ ಎತ್ತಿಕೊಂಡಿದ್ದ. ಪ್ರಿಂಟರಿನಿಂದ ಬಂದ ಬಿಸಿಬಿಸಿ ಹಾಳೆಗಳನ್ನು ಬೀ-ಯುನ್ ಎದೆಗವಚಿಕೊಂಡಳು. ಇನ್ನೊಂದು ಕೈಯಿಂದ ಆ ಹೆಲ್ಮೆಟ್ಟನ್ನು ಕಿತ್ತುಕೊಂಡಳು.

“ಇಲ್ಲ ಕಣಪ್ಪಾ,” ಎಂದಳು ಫೋನಿನತ್ತ ಬಾಗಿ, “ನಾನೇ ತರ್ತೀನಿ. ಈ ಸಲ ಓದೋದೂ ನಾನೇ.”