ಜೇನಿಗೆ ಹೇಳಬೇಕಾದ ಮಾತು

ಮನೆಯ ದೊಡ್ಡ ಬೀಗದ ಕೈಯಿಂದ ಹಿತ್ತಲಲ್ಲಿ ಸಾಲಾಗಿಟ್ಟ ಜೇನುಗೂಡುಗಳಲ್ಲಿ ಮೊದಲನೆಯದನ್ನು ಮೆಲ್ಲಗೆ ತಟ್ಟಿದ ಮಿಲಿಸೆಂಟ್ ಅಲ್ಲೇ ತಡೆದು ನಿಂತಳು. ಯಜಮಾನ ತೀರಿಕೊಂಡ ದಿನ ಹೊತ್ತು ಮುಳುಗುವುದರೊಳಗೆ ಹಿರಿಮಗಳು ಬಂದು ಗೂಡುಗಳಿಗೆ ಸುದ್ದಿ ಮುಟ್ಟಿಸಬೇಕು. ಹೋದವರು ಯಾರು, ಇನ್ನು ಯಜಮಾನಿಕೆ ಯಾರದು ಎಂದು ಹೆಸರು ಹಿಡಿದು ಹೇಳಬೇಕು. ಇಲ್ಲವಾದರೆ ಹುಳುಗಳು ಮುನಿಸಿಕೊಂಡು ಎದ್ದುಹೋಗುತ್ತವೆ. ಇದು ಥಾರ್ನ್‌ಕೋಟ್ ಬಂಗಲೆಯಲ್ಲಿ ಅವಳ ಅಜ್ಜಿಯ ಕಾಲದಿಂದಲೂ ನಡೆದುಬಂದದ್ದು. ಆದರೆ ಅಪ್ಪನ ಉಯಿಲು ಒಡೆಯುವುದು ಮಣ್ಣಾದ ಮೇಲೆ. ವಕೀಲರು ಬರುವತನಕ ಕಾಯುವ ವ್ಯವಧಾನ ಹುಳುಗಳಿಗಿಲ್ಲ.

“ಯಾಕೆ ನಿಂತ್ಬಿಟ್ಟೆ ಅಕ್ಕಾ? ನನ್ನ ಹೆಸರು ಹೇಳು, ಬೇಸಿಲ್ ಅಂತ, ಮುಗೀತು,” ಎಂದ ತಮ್ಮ, ತೋಳಿನ ಕಪ್ಪು ಪಟ್ಟಿ ಸರಿಮಾಡಿಕೊಳ್ಳುತ್ತ.

“ಯಾಕಪ್ಪಾ, ನನ್ನ ಹೆಸರೇನು ಕಹಿಯಾ?” ಅಪ್ಪನ ಎರಡನೇ ಹೆಂಡತಿ, ಚಿಕ್ಕಮ್ಮ ಅಡೆಲಾ, ಮುಖದ ಮೇಲಿನ ಕರಿ ಪರದೆ ಎತ್ತಿದಳು. “ಈಸ್ಟರ್ ದಿನ ನಿಮ್ಮಪ್ಪ ನನ್ನ ಕೈ ಹಿಡಿದು ಹೇಳಿದ್ರು, ಮನೆ, ಹೊಲ, ಕೆರೆ, ಎಲ್ಲಾ ನಿಂದೇ, ಯಾರಿಗೂ ಹೇಳ್ಬೇಡ ಅಂತ. ಇಷ್ಟು ದಿನ ಬಾಯಿ ಮುಚ್ಕೊಂಡಿದ್ದೆ.”

ಬೇಸಿಲ್ ನಗಲು ಹೋದ. ನಗು ಅರ್ಧಕ್ಕೇ ನಿಂತಿತು. “ಕೈ ಹಿಡಿದು? ಯಾರಿಗೂ ಹೇಳ್ಬೇಡ ಅಂತಾನಾ? ನಂಗೂ ಹಾಗೇ ಹೇಳಿದ್ರಲ್ಲ, ಕುದುರೆ ಲಾಯದಲ್ಲಿ!”

ಮಿಲಿಸೆಂಟಳ ಕೈಯಲ್ಲಿ ಬೀಗದ ಕೈ ಭಾರವಾಯಿತು. ಹೋದ ವಾರ ಹಾಸಿಗೆಯಲ್ಲಿ ಅಪ್ಪ ಅವಳ ಕೈಯನ್ನೂ ಹಿಡಿದಿದ್ದರು. ‘ಎಲ್ಲಾ ನಿಂದೇ ಮಿಲ್ಲಿ.’ ಈ ಮನೆ ಬಿಟ್ಟರೆ ಇನ್ನೊಂದು ಸೂರಿಲ್ಲದವಳು ಆ ಮಾತನ್ನು ದೇವರ ವಾಕ್ಯದಂತೆ ಎದೆಯಲ್ಲಿಟ್ಟುಕೊಂಡಿದ್ದಳು. ಅದು ಜ್ವರದ ಮರೆವೋ, ಯಾರ ಮನಸ್ಸೂ ನೋಯದಿರಲೆಂಬ ಕರುಣೆಯೋ, ಮೂವರ ಕೈಯಲ್ಲೂ ಸೇವೆ ಮಾಡಿಸಿಕೊಳ್ಳುವ ಉಪಾಯವೋ? ಒಂದು ಭಾನುವಾರವೂ ಚರ್ಚು ತಪ್ಪಿಸದ ಮನುಷ್ಯ. ಅವಳಿಗೆ ಒಂದೂ ತಿಳಿಯಲಿಲ್ಲ.

“ನಿಂಗೂ ಹೇಳಿದ್ರಾ?” ತಮ್ಮ ಅವಳ ಮುಖವನ್ನೇ ನೋಡಿದ. ಅವಳು ಹೌದೆಂದು ತಲೆಯಾಡಿಸಿದಳು.

“ಹಾಗಾದ್ರೆ ಅಡುಗೆಯವಳಿಗೂ ಹೇಳಿರ್ತಾರೆ, ಕರೀರಿ ಅವಳನ್ನೂ!” ಎಂದಳು ಅಡೆಲಾ.

ಬೇಸಿಲ್ ಬೀಗದ ಕೈ ಕಿತ್ತುಕೊಂಡು ಪಕ್ಕದ ಗೂಡಿಗೆ ಬಡಿದ. “ಇನ್ಮೇಲೆ ಬೇಸಿಲ್ ಯಜಮಾನ, ಕೇಳಿಸ್ತಾ?” ಅವನ ಬೆನ್ನಿಗೇ ಅಡೆಲಾ ಅದೇ ಗೂಡಿಗೆ ಛತ್ರಿಯ ಹಿಡಿಯಿಂದ ತಟ್ಟಿದಳು. “ಸುಳ್ಳು, ನಂಬ್ಬೇಡಿ. ಅಡೆಲಾ!” ಹೀಗೇ ಒಬ್ಬರ ಹಿಂದೊಬ್ಬರು ಸಾಲಿನುದ್ದಕ್ಕೂ ಹೋದರು. ಗೂಡುಗಳೆಲ್ಲ ಭೋರೆಂದವು.

ಮಿಲಿಸೆಂಟ್ ಮೊದಲನೇ ಗೂಡಿನ ಮುಂದೆ ಮಂಡಿಯೂರಿದಳು. ಹುಲ್ಲು ಹೆಣೆದ ಗೂಡಿಗೆ ಹಣೆ ತಾಗಿಸಿದಾಗ ಒಳಗಿನ ಗುಂಯ್‌ಗುಡುವಿಕೆ ಸಂಜೆಯ ಪ್ರಾರ್ಥನೆಯಂತೆ ಕೇಳಿಸಿತು. ಅವಳ ತುಟಿಗಳು ಅಲುಗಿದವು. ಆಮೇಲೆ, ಬೆಳಗಿನಿಂದ ಬಾರದ ಅಳು ಬಂತು.

ಕಿವಿಗೆ ಹುಳು ಕಚ್ಚಿಸಿಕೊಂಡು ಬೇಸಿಲ್ ಓಡಿಬಂದ. “ಇದಕ್ಕೆ ಯಾರ ಹೆಸರು ಹೇಳ್ದೆ? ನಿಂದೇನಾ?”

ಅವಳು ಎದ್ದು ಲಂಗಕ್ಕಂಟಿದ ಮಣ್ಣು ಕೊಡವಿದಳು.

“ಅಪ್ಪಂದು,” ಎಂದಳು. “ಅಪ್ಪ ಸತ್ತಿದ್ದಾರೆ ಅಂತ ಇವಕ್ಕೆ ಇನ್ನೂ ಯಾರೂ ಹೇಳೇ ಇರ್ಲಿಲ್ಲ.”